ಹಳೇ ಫಟಫಟಿ, ದೊಡ್ಡ ಗುಂಪು: ಬೆಳಗಾವಿಯಿಂದ ವಿಜಯಪುರದ ವಾರ್ಷಿಕೋತ್ಸವ ರ‍್ಯಾಲಿಗೆ ಹೊರಡುವವರಿಗೆ

ಜಾವಾ ಕಂಪನಿ ಹುಟ್ಟಿದ್ದು 1929ರಲ್ಲಿ, ಅಂದಿನ ಚೆಕೊಸ್ಲೊವಾಕಿಯಾದಲ್ಲಿ. 2029ಕ್ಕೆ ಅದಕ್ಕೆ ನೂರು ತುಂಬುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದ ಮೊದಲಲ್ಲಿ ಶುರುವಾದ ಗಾಡಿಗಳಿಗೆ 1973ರಿಂದ ಯೆಜ್ಡಿ ಅಂತ ಹೆಸರು ಬಂತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಅಂದರೆ ಆ ಕಾರ್ಖಾನೆಯ ಅತಿ ಕಿರಿಯ ಗಾಡಿಗೂ ಈಗ ಮೂವತ್ತರ ಆಸುಪಾಸು ವಯಸ್ಸು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ನಡೆಯುತ್ತದೆ. ಅದರ ಜೊತೆಗೆ ಊರೂರಿನ ಸವಾರರ ಬಳಗಗಳು ತಮ್ಮ ವಾರ್ಷಿಕೋತ್ಸವಕ್ಕೆ ಒಬ್ಬರನ್ನೊಬ್ಬರು ಕರೆಯುತ್ತವೆ. ಬೆಳಗಾವಿಯಿಂದ ವಿಜಯಪುರಕ್ಕೆ ಅಂಥದೊಂದು ಕರೆ ಬಂದಾಗ ಏನೇನು ನೋಡಿಕೊಳ್ಳಬೇಕು ಎಂಬುದು ಇಲ್ಲಿದೆ. ಬುಲೆಟ್ ಅಥವಾ ಹೊಸ ಗಾಡಿ ಇದ್ದವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ. ಎರಡು ಸ್ಟ್ರೋಕಿನ 250 ಸಿಸಿ ಜಾವಾ, ಯೆಜ್ಡಿಗಳ ಮಾತು ಹೆಚ್ಚು ಬರುವುದು ಅವುಗಳ ಕಾಳಜಿಯೇ ಹೆಚ್ಚು ಇರುವುದರಿಂದ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಹಳೇ ಗಾಡಿ ಕೈಕೊಡುವುದು ಬಯಲಿನ 200 ಕಿ.ಮೀ. ದಾರಿಯಲ್ಲಿ ಕಡಿಮೆ, ಊರೊಳಗಿನ ಐದು ಕಿ.ಮೀ. ಮೆರವಣಿಗೆಯಲ್ಲಿ ಜಾಸ್ತಿ. ತಯಾರಿಯನ್ನು ಆ ಐದು ಕಿ.ಮೀ. ಲೆಕ್ಕದಲ್ಲಿ ಮಾಡಿ.

ಮೂರು ವಾರ ಮೊದಲು

ಕಾಗದಪತ್ರದಿಂದ ಶುರು ಮಾಡಿ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಇದು ವಾರದಲ್ಲಿ ಮುಗಿಯುವ ಕೆಲಸ ಅಲ್ಲ. ಅವಧಿ ಮುಗಿದಿದ್ದರೆ ಈ ವರ್ಷ ದೋಸ್ತನ ಗಾಡಿಯ ಹಿಂದೆ ಕೂತು ಹೋಗುವುದೇ ಲೇಸು. ಹಳೇ ಗಾಡಿಯ ಹೊಗೆ ತಪಾಸಣೆ ಚೀಟಿ ಆರು ತಿಂಗಳಿಗೇ ಮುಗಿಯುತ್ತದೆ, ತಾರೀಖು ನೋಡಿ. ವಿಮೆ ಥರ್ಡ್ ಪಾರ್ಟಿಯಾದರೂ ಚಾಲ್ತಿಯಲ್ಲಿರಲೇಬೇಕು. ಹಳೇ ಪುಸ್ತಕದ ಆರ್‌ಸಿ ಎಷ್ಟೋ ಸಲ ಮೊಬೈಲಿನ ಡಿಜಿಲಾಕರಿನಲ್ಲಿ ಸಿಗುವುದಿಲ್ಲ. ಮೂಲ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟೂಲ್ ಬಾಕ್ಸಿಗೆ ಹಾಕಬೇಡಿ, ಆಯಿಲ್ ತಾಗುತ್ತದೆ. ಜಾಕೀಟಿನ ಒಳಜೇಬಿನಲ್ಲಿಡಿ.

ಟೈರಿನ ಗುಂಡಿ ಎಷ್ಟು ಆಳ ಉಳಿದಿದೆ ಅಂತ ಎಲ್ಲರೂ ನೋಡುತ್ತಾರೆ, ವಯಸ್ಸು ನೋಡುವವರು ಕಡಿಮೆ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಒತ್ತಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು ಎಂದರ್ಥ. ವರ್ಷಕ್ಕೆ ನಾಲ್ಕು ಸಲ ಹೊರಬರುವ ಗಾಡಿಯ ಟೈರು ಸವೆಯುವುದಕ್ಕಿಂತ ಮೊದಲು ಒಣಗಿ ಬಿರಿಯುತ್ತದೆ. ಆರೇಳು ವರ್ಷ ದಾಟಿದ್ದರೆ, ಗುಂಡಿ ಪೂರ್ತಿ ಇದ್ದರೂ ಬದಲಿಸಿ. ಜೊತೆಗೆ ಟ್ಯೂಬು ಮತ್ತು ರಿಮ್ಮಿನ ರಬ್ಬರ್ ಪಟ್ಟಿಯನ್ನೂ ಹೊಸದು ಹಾಕಿ. ಕಡ್ಡಿ ಚಕ್ರದಲ್ಲಿ ಟ್ಯೂಬು ಒಳಗಿನಿಂದಲೇ ಚುಚ್ಚಿಕೊಳ್ಳುವುದು ಆ ಪಟ್ಟಿ ಹರಿದಾಗ.

ಇಂಜಿನ್ ಬಿಚ್ಚಿಸಿ ಬೋರ್ ಮಾಡಿಸುವ, ಅಂದರೆ ಸವೆದ ಬ್ಯಾರಲ್ ಕೊರೆಸಿ ಹೊಸ ಪಿಸ್ಟನ್ ಕೂರಿಸುವ, ಯೋಚನೆ ಇದ್ದರೆ ಇಷ್ಟರೊಳಗೆ ಆಗಿರಬೇಕು. ಬೋರ್ ಆದ ಮೇಲೆ ಮೊದಲ 500 ಕಿ.ಮೀ. ಗಂಟೆಗೆ 40ರಿಂದ 50ರ ಒಳಗೆ, ಲೀಟರ್ ಪೆಟ್ರೋಲಿಗೆ 50 ಮಿ.ಲೀ. ಆಯಿಲ್ ಬೆರೆಸಿ ಓಡಿಸಬೇಕು. ರ‍್ಯಾಲಿಗೆ ನಾಲ್ಕು ದಿನ ಇರುವಾಗ ಹೊಸ ಪಿಸ್ಟನ್ ಕೂರಿಸಿ ಗುಂಪಿನ ಜೊತೆ ಹೊರಟರೆ ಯರಗಟ್ಟಿ ದಾಟುವುದರೊಳಗೆ ಇಂಜಿನ್ ಹಿಡಿದುಕೊಳ್ಳುತ್ತದೆ. ಹೊಸತು ಕೂರಿಸುವುದಕ್ಕಿಂತ, ನಡೆಯುತ್ತಿರುವ ಹಳೆಯದನ್ನು ಸ್ವಚ್ಛ ಮಾಡಿ ಒಯ್ಯುವುದು ಲೇಸು.

ಗ್ಯಾರೇಜಿನ ಕೆಲಸ

ಪ್ಲಗ್ ಬಿಚ್ಚಿ ಬಣ್ಣ ನೋಡಿ. ತಿಳಿ ಕಂದು ಇದ್ದರೆ ಗಾಳಿ, ಪೆಟ್ರೋಲಿನ ಮಿಶ್ರಣ ಸರಿ ಇದೆ. ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆ ಬೀಳುತ್ತಿದೆ, ಇದೇ ಅಪಾಯದ ಬಣ್ಣ. ಕಪ್ಪಗೆ ಜಿಡ್ಡಾಗಿದ್ದರೆ ಪೆಟ್ರೋಲೋ ಆಯಿಲೋ ಹೆಚ್ಚಾಗಿದೆ. ಪ್ಲಗ್ಗಿನ ಸಂದು 0.6 ಮಿ.ಮೀ., ಪಾಯಿಂಟಿನ (ಹೊತ್ತಿಗೆ ಸರಿಯಾಗಿ ಕಿಡಿ ಹಾರಿಸುವ ಸ್ವಿಚ್ಚು) ಸಂದು 0.4 ಮಿ.ಮೀ. ಇಡಿ. ಪಾಯಿಂಟನ್ನು ಕಣ್ಣಂದಾಜಿನಲ್ಲಿ ಇಡಬೇಡಿ. ಸಂದು ಅಳೆಯುವ ಫೀಲರ್ ಗೇಜ್ ದುಬಾರಿ ಸಾಮಾನಲ್ಲ, ಬಳಗದಲ್ಲಿ ಒಂದಿದ್ದರೆ ಎಲ್ಲರಿಗೂ ಸಾಕು.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಹಳೇ ಗಾಡಿಗೆ ಇದು ಮೂರು ರೀತಿ ತೊಂದರೆ ಕೊಡುತ್ತದೆ. ಹಳೇ ರಬ್ಬರ್ ಪೈಪು, ಪೆಟ್ರೋಲ್ ಕಾಕಿನ ವಾಷರ್ ಉಬ್ಬಿ ಸೋರುತ್ತವೆ. ಟ್ಯಾಂಕಿನ ಗೋಡೆಗೆ ಅಂಟಿದ ತುಕ್ಕು ಸಡಿಲಾಗಿ ಬಂದು ಕಾರ್ಬ್ಯುರೇಟರಿನ ಜೆಟ್ಟಿಗೆ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿಗೆ, ಸಿಕ್ಕಿಕೊಳ್ಳುತ್ತದೆ. ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗಿ ಇಂಜಿನ್ ಹೆಚ್ಚು ಕಾಯುತ್ತದೆ. ಪರಿಹಾರ ಕಷ್ಟದ್ದಲ್ಲ: ಪೈಪು, ವಾಷರ್ ಹೊಸದು ಹಾಕಿಸಿ, ಟ್ಯಾಂಕ್ ತೊಳೆಸಿ, ಕಾಕ್ ಮತ್ತು ಕಾರ್ಬ್ಯುರೇಟರ್ ನಡುವೆ ಚಿಕ್ಕದೊಂದು ಫಿಲ್ಟರ್ ಕೂರಿಸಿ. ಪ್ಲಗ್ ಬೆಳ್ಳಗಾಗುತ್ತಿದ್ದರೆ ಮೇನ್ ಜೆಟ್ಟನ್ನು ಒಂದು ಸೈಜು ದೊಡ್ಡದು ಮಾಡಿ.

ಸೈಲೆನ್ಸರಿನ ಒಳಗಿನ ಜಾಳಿಗೆ ಬಿಚ್ಚಿ ಕರಿ ತೆಗೆಯಿರಿ. ಎರಡು ಸ್ಟ್ರೋಕಿನ ಗಾಡಿ ಏರಿನಲ್ಲಿ ದಮ್ಮು ಕಳೆದುಕೊಂಡರೆ ಎಷ್ಟೋ ಸಲ ಕಾರಣ ಇಂಜಿನ್ನಲ್ಲ, ಕಟ್ಟಿಕೊಂಡ ಸೈಲೆನ್ಸರು. ಜಾವಾದ ಚೈನು ಪೂರ್ತಿ ಕವರಿನೊಳಗೆ ಇರುವುದರಿಂದ ಅದನ್ನು ನೋಡುವ ನೆನಪೇ ಯಾರಿಗೂ ಇರುವುದಿಲ್ಲ. ಕವರ್ ಬಿಚ್ಚಿಸಿ ಗ್ರೀಸ್ ಹಚ್ಚಿಸಿ, ಸುಮಾರು 20 ಮಿ.ಮೀ. ಸಡಿಲು ಇರುವಂತೆ ಎಳೆಸಿ. ಬ್ರೇಕ್ ಲೈನರ್ ಮೇಲೆ ಧೂಳು ಹೊಳಪಾಗಿ ಕೂತಿದ್ದರೆ ಉಸುಕಿನ ಕಾಗದದಿಂದ ಉಜ್ಜಿ. ಈ ಡ್ರಮ್ ಬ್ರೇಕುಗಳು ಡಿಸ್ಕಿನಂತೆ ನಿಲ್ಲಿಸುವುದಿಲ್ಲ ಎಂಬುದನ್ನು ಗುಂಪಿನ ಹೊಸ ಗಾಡಿಯವರಿಗೂ ಹೇಳಿಡಿ. ಅವರು ನಿಂತಲ್ಲಿ ನೀವು ನಿಲ್ಲಲಾರಿರಿ.

ಇಷ್ಟಾದ ಮೇಲೆ ಒಂದು ವಾರ ಬಾಕಿ ಇರುವಾಗ ಪರೀಕ್ಷೆಯ ಸವಾರಿ. ಬೆಳಗಾವಿಯವರು ಕಿತ್ತೂರಿಗೆ ಹೋಗಿ ಬರಬಹುದು, ಬಾಗಲಕೋಟೆಯವರು ಬಾದಾಮಿಗೆ, ವಿಜಯಪುರದವರು ಬಸವನ ಬಾಗೇವಾಡಿಗೆ. ಹೋಗಿ ಬಂದರೆ ಹೆಚ್ಚುಕಡಿಮೆ 80, 90 ಕಿ.ಮೀ. ಆಗುತ್ತದೆ, ಇಂಜಿನ್ ಪೂರ್ತಿ ಕಾಯಲು ಅಷ್ಟು ಬೇಕು. ಮರಳಿ ಬಂದು ಬಿಸಿ ಇರುವಾಗಲೇ ಗಾಡಿಯ ಕೆಳಗೆ ರಟ್ಟು ಹಾಸಿ ಬಿಡಿ. ಬೆಳಿಗ್ಗೆ ಅದರ ಮೇಲಿನ ಕಲೆ ಎಲ್ಲಿ ಬಿದ್ದಿದೆ ಎಂಬುದನ್ನು ನೋಡಿದರೆ ಯಾವ ಸೀಲು ಸೋರುತ್ತಿದೆ ಅಂತ ತಿಳಿಯುತ್ತದೆ.

ಜೊತೆಗೆ ಒಯ್ಯುವ ಸಾಮಾನು

ಪ್ರತಿ ಗಾಡಿಯಲ್ಲೂ ಎರಡು ಪ್ಲಗ್, 21 ಮಿ.ಮೀ. ಪ್ಲಗ್ ಪಾನಾ, ಕ್ಲಚ್ ವೈರು, ಎಕ್ಸಲರೇಟರ್ ವೈರು, ಫ್ಯೂಸು, ಆರು ವೋಲ್ಟಿನ ಗಾಡಿಯಾದರೆ ಆರು ವೋಲ್ಟಿನದೇ ಬಲ್ಬು, ಅರ್ಧ ಲೀಟರ್ 2ಟಿ (ಎರಡು ಸ್ಟ್ರೋಕ್ ಇಂಜಿನ್ನಿನ) ಆಯಿಲ್ ಇರಲಿ. ಹೆದ್ದಾರಿಯ ಅಂಗಡಿಯಲ್ಲಿ ಆರು ವೋಲ್ಟಿನ ಬಲ್ಬು ಸಿಗುವುದಿಲ್ಲ. ಕ್ಲಚ್ ವೈರನ್ನು ಚೀಲದಲ್ಲಿಡುವ ಬದಲು, ಈಗ ಓಡುತ್ತಿರುವ ವೈರಿನ ಪಕ್ಕದಲ್ಲೇ ಅದೇ ದಾರಿಯಲ್ಲಿ ಎಳೆದು ಟೇಪ್ ಸುತ್ತಿಡಿ. ಹಳೆಯದು ಕಡಿದರೆ ಎರಡು ತುದಿ ಸಿಕ್ಕಿಸಿದರೆ ಮುಗಿಯಿತು, ಟ್ಯಾಂಕ್ ಎತ್ತುವ ಕೆಲಸ ಉಳಿಯುತ್ತದೆ.

ಪಾಯಿಂಟು, ಕಂಡೆನ್ಸರ್, ಚೈನಿನ ಲಾಕು, ಟ್ಯೂಬು, ಪಂಚರ್ ಸಾಮಾನು, ಗಾಳಿ ಪಂಪು, ಬೈಂಡಿಂಗ್ ವೈರು, ಎಂ-ಸೀಲು ಗುಂಪಿಗೆ ಒಂದೊಂದು ಇದ್ದರೆ ನಡೆಯುತ್ತದೆ. ಯಾರ ಬಳಿ ಏನಿದೆ ಎಂಬುದು ಎಲ್ಲರಿಗೂ ಗೊತ್ತಿರಬೇಕು, ಅಷ್ಟೇ. ಸಿ ಸ್ಪ್ಯಾನರನ್ನು ಮಾತ್ರ ಮರೆಯಬೇಡಿ. ಜಾವಾದ ಸೈಲೆನ್ಸರ್ ಪೈಪು ಬ್ಯಾರಲ್ಲಿಗೆ ಸೇರುವಲ್ಲಿ ಹಲ್ಲಿನ ಉಂಗುರದಂಥ ನಟ್ಟು ಇದೆ. ಇಂಜಿನ್ ಕಾದಂತೆ, ನಡುಗಿದಂತೆ ಅದು ಸಡಿಲುತ್ತದೆ. ಮೊದಲು ಫಟ್ ಫಟ್ ಸದ್ದು ಒಡೆದು ಕೇಳುತ್ತದೆ, ಆಮೇಲೆ ಸಂದಿಯಲ್ಲಿ ಕರಿ ಎಣ್ಣೆ ಜಿನುಗುತ್ತದೆ. ಸದ್ದು ಬದಲಾದ ಕೂಡಲೇ ನಿಂತು, ಬಿಸಿ ಇರುವಾಗಲೇ ಬಿಗಿ ಮಾಡಬೇಕು. ಹಾಗೇ ಓಡಿಸಿದರೆ ಬ್ಯಾರಲ್ ಬಾಯಿಯ ಥ್ರೆಡ್ ತಿಂದುಹೋಗುತ್ತದೆ, ಅದನ್ನು ಸರಿಮಾಡುವ ಲೇತಿನವರು ಈಗ ಬೆರಳೆಣಿಕೆಯಷ್ಟು.

ಹತ್ತಕ್ಕಿಂತ ಹೆಚ್ಚು ಹಳೇ ಗಾಡಿ ಹೊರಟರೆ ಹಿಂದೆ ಒಂದು ಪಿಕ್‌ಅಪ್ ಬರಲಿ. ಅದರ ಬಾಡಿಗೆಗೆ ಎಲ್ಲರಿಂದಲೂ ಸಮನಾಗಿ ಪಟ್ಟಿ ಎತ್ತಿ, ಯಾರ ಗಾಡಿ ಕೆಡಲಿ ಬಿಡಲಿ. ಕೆಟ್ಟವರೇ ಕೊಡಲಿ ಅಂದರೆ ಇಂಜಿನ್ ಬೇರೆ ಸದ್ದು ಮಾಡುತ್ತಿದ್ದರೂ ಜನ ಸುಮ್ಮನೆ ಓಡಿಸುತ್ತಾರೆ. ಗಾಡಿ ಹೇರುವಾಗ ಪೆಟ್ರೋಲ್ ಕಾಕ್ ಬಂದ್ ಮಾಡಿ, ಸ್ಟ್ಯಾಂಡ್ ಮೇಲೆ ನಿಲ್ಲಿಸದೆ ಎರಡೂ ಚಕ್ರದ ಮೇಲೆ ನಿಲ್ಲಿಸಿ, ಹ್ಯಾಂಡಲಿಗಲ್ಲ, ಮುಂದಿನ ಫೋರ್ಕಿನ ಕೆಳಗಿನ ಪ್ಲೇಟಿಗೆ ಎರಡೂ ಕಡೆ ಬೆಲ್ಟು ಹಾಕಿ ಸ್ಪ್ರಿಂಗ್ ಅರ್ಧ ತಗ್ಗುವಷ್ಟು ಎಳೆಯಿರಿ. ಸ್ಟ್ಯಾಂಡ್ ಹಾಕಿ ಹಗ್ಗ ಕಟ್ಟಿದ ಗಾಡಿ ಮೊದಲ ಹಂಪಿಗೇ ಜಿಗಿದು ಒರಗುತ್ತದೆ.

ಪೆಟ್ರೋಲ್, ಆಯಿಲ್

ಲೀಟರ್ ಪೆಟ್ರೋಲಿಗೆ 40 ಮಿ.ಲೀ. 2ಟಿ ಆಯಿಲ್, ಅಂದರೆ ಐದು ಲೀಟರಿಗೆ 200 ಮಿ.ಲೀ. ಈ ಸವಾರಿಗೆ ಇದರಲ್ಲಿ ಉಳಿತಾಯ ಬೇಡ. ಮೊದಲು ಕಾಕ್ ಬಂದ್ ಮಾಡಿ, ಆಯಿಲ್ ಸುರಿದು, ಅದರ ಮೇಲೆ ಪೆಟ್ರೋಲ್ ಹಾಕಿಸಿ. ಬೀಳುವ ರಭಸಕ್ಕೆ ಅರ್ಧ ಕಲಸಿಕೊಳ್ಳುತ್ತದೆ. ಮುಚ್ಚಳ ಹಾಕಿ ಗಾಡಿಯನ್ನು ಅತ್ತಿತ್ತ ನಾಲ್ಕು ಸಲ ಅಲುಗಾಡಿಸಿ ಕಾಕ್ ತೆರೆಯಿರಿ. ಪೆಟ್ರೋಲ್ ಹಾಕಿಸಿದ ಮೇಲೆ ಆಯಿಲ್ ಸುರಿದು ಹಾಗೇ ಹೊರಟರೆ ಆಯಿಲ್ ತಳಕ್ಕೆ ಇಳಿದು ನೇರ ಕಾರ್ಬ್ಯುರೇಟರಿಗೆ ಹೋಗುತ್ತದೆ, ಎರಡು ಫರ್ಲಾಂಗಿನಲ್ಲಿ ಪ್ಲಗ್ ಕಟ್ಟುತ್ತದೆ.

ಗುಂಪಿನಲ್ಲಿ ಒಬ್ಬರು ನಿಂತಾಗ ಎಲ್ಲರೂ ತುಂಬಿಸಬೇಕು. ನನ್ನದು ಇನ್ನೂ ಅರ್ಧ ಟ್ಯಾಂಕ್ ಇದೆ ಅನ್ನುವವರೇ ಮುಂದಿನ 40 ಕಿ.ಮೀ.ನಲ್ಲಿ ಎಲ್ಲರನ್ನೂ ನಿಲ್ಲಿಸುವುದು.

ದಾರಿ

ನಮ್ಮ ಸಲಹೆ ಸಾಂಬ್ರಾ, ನೇಸರಗಿ, ಯರಗಟ್ಟಿ, ಲೋಕಾಪುರ, ಕಲಾದಗಿ ಮೇಲೆ ಗದ್ದನಕೇರಿ ಕ್ರಾಸಿಗೆ ಬಂದು, ಅಲ್ಲಿಂದ ಬಡಗಣಕ್ಕೆ ತಿರುಗಿ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಅನಗವಾಡಿ, ಕೊಲ್ಹಾರ ದಾಟಿ ವಿಜಯಪುರ ಸೇರುವುದು. 200 ಕಿ.ಮೀ. ಮೇಲಾಗುತ್ತದೆ. ಬಾಗಲಕೋಟೆಯ ಸವಾರರು ಗದ್ದನಕೇರಿ ಕ್ರಾಸಿನಲ್ಲೇ ಬಂದು ಕೂಡಿಕೊಳ್ಳಬಹುದು, ಊರೊಳಗೆ ಹೊಕ್ಕು ಹೊರಬರುವ ಒಂದು ತಾಸು ಉಳಿಯುತ್ತದೆ. ಗೋಕಾಕ, ಮುಧೋಳ, ಜಮಖಂಡಿ ದಾರಿಯೂ ಇದೆ. ಆದರೆ ಕಬ್ಬು ಕಡಿಯುವ ಹಂಗಾಮಿನಲ್ಲಿ, ಅಂದರೆ ದೀಪಾವಳಿಯ ಹೊತ್ತಿನಿಂದ ಬೇಸಿಗೆಯ ಮೊದಲವರೆಗೆ, ಗುಂಪು ಕಟ್ಟಿಕೊಂಡು ಆ ಕಡೆ ಹೋಗುವುದು ಬೇಡ. ಎರಡೆರಡು ಟ್ರೇಲರ್ ಸಿಕ್ಕಿಸಿದ ಟ್ರ್ಯಾಕ್ಟರುಗಳು ಸಾಲಾಗಿ ಬರುತ್ತವೆ. ಹಿಂದಿನ ಟ್ರೇಲರ್ ಅತ್ತಿತ್ತ ತೂಗುತ್ತದೆ, ಟೇಪಿನ ಅಬ್ಬರಕ್ಕೆ ಚಾಲಕನಿಗೆ ನಿಮ್ಮ ಹಾರ್ನ್ ಕೇಳುವುದಿಲ್ಲ, ಬಹಳಷ್ಟಕ್ಕೆ ಹಿಂದೆ ದೀಪವೇ ಇಲ್ಲ. ಲೋಕಾಪುರದ ದಾರಿಯಲ್ಲೂ ಇವು ಸಿಗುತ್ತವೆ. ದಾಟುವಾಗ ಒಂದೊಂದೇ ಗಾಡಿ ದಾಟಬೇಕು, ಮುಂದಿನವರು ದಾಟಿದರು ಅಂತ ಅವರ ಬೆನ್ನಿಗೇ ನುಗ್ಗಬಾರದು.

ಬೆಳಿಗ್ಗೆ ಆರಕ್ಕೆ ಹೊರಡಿ. ನಿಲುಗಡೆ ಸೇರಿ ಗಂಟೆಗೆ 40 ಕಿ.ಮೀ. ಲೆಕ್ಕ ಹಿಡಿದರೆ ಊಟದ ಹೊತ್ತಿಗೆ ಸುಖವಾಗಿ ಮುಟ್ಟುತ್ತೀರಿ. ಕತ್ತಲಲ್ಲಿ ಆರು ವೋಲ್ಟಿನ ದೀಪ ನಂಬಿ ಈ ದಾರಿಯಲ್ಲಿ ಹೋಗಬಾರದು.

ಜುಲೈ ಸವಾರಿಯಾದರೆ ಬೆಳಗಾವಿಯಲ್ಲಿ ಜಿಟಿಜಿಟಿ ಮಳೆ. ಪೂರ್ವಕ್ಕೆ ಹೋದಂತೆ ಮಳೆ ತೆಳುವಾಗುತ್ತ, ಯರಗಟ್ಟಿಯ ಆಚೆ ಒಣ ಬಯಲು ತೆರೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಗಾಳಿಯದೇ ಕಾಟ. ಆಲಮಟ್ಟಿ ಹಿನ್ನೀರಿನ ಮೇಲಿನ ಕೊಲ್ಹಾರದ ಉದ್ದನೆಯ ಸೇತುವೆಯಲ್ಲಿ ಪಕ್ಕದ ಗಾಳಿ ಗಾಡಿಯನ್ನು ಒಂದು ಮೊಳ ತಳ್ಳುತ್ತದೆ. ವೇಗ 50ಕ್ಕೆ ಇಳಿಸಿ, ನಡುವಿನ ಅಂತರ ದುಪ್ಪಟ್ಟು ಮಾಡಿ, ತೊಡೆಯಿಂದ ಟ್ಯಾಂಕ್ ಹಿಡಿದು ಕೈ ಸಡಿಲ ಬಿಡಿ. ಫೋಟೊಕ್ಕೆ ಸೇತುವೆ ಮೇಲೆ ನಿಲ್ಲುವ ಆಸೆ ಎಲ್ಲರಿಗೂ ಆಗುತ್ತದೆ, ದಯವಿಟ್ಟು ನಿಲ್ಲಬೇಡಿ. ಮೂವತ್ತು ಗಾಡಿ ಸಾಲಾಗಿ ನಿಂತಾಗ ಹಿಂದಿನಿಂದ ಬರುವ ಲಾರಿಗೆ ಬೇರೆ ದಾರಿಯೇ ಇರುವುದಿಲ್ಲ.

ಸುಗ್ಗಿಯ ದಿನಗಳಲ್ಲಿ ರಸ್ತೆಯ ಮೇಲೇ ಜೋಳ, ಗೋವಿನಜೋಳ, ತೊಗರಿ ಹರವಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ, ಮೊದಲೇ ವೇಗ ತಗ್ಗಿಸಿ ಹ್ಯಾಂಡಲ್ ನೇರ ಇಟ್ಟು ದಾಟಿ. ಮಳೆ ಬಿದ್ದ ಮೇಲೆ ರಸ್ತೆಯ ಅಂಚಿನ ಎರೆ ಮಣ್ಣಿಗೆ ಇಳಿಯಲೇಬೇಡಿ. ಚಕ್ರಕ್ಕೆ ಮೆತ್ತಿಕೊಂಡ ಎರಿ ಮಡ್‌ಗಾರ್ಡಿನೊಳಗೆ ತುಂಬಿ ಚಕ್ರವನ್ನೇ ತಿರುಗಲು ಬಿಡುವುದಿಲ್ಲ. ಡಾಂಬರು, ಕಾಂಕ್ರೀಟು ಇದ್ದಲ್ಲೇ ನಿಲ್ಲಿ.

ಗುಂಪಿನ ಶಿಸ್ತು

ಆರೆಂಟು ಗಾಡಿಗೆ ಒಂದು ತಂಡ. ಮುಂದೆ ದಾರಿ ಬಲ್ಲವರು, ಕೊನೆಗೆ ರಿಪೇರಿ ಬಲ್ಲವರು. ಅತಿ ಹಳೆಯ, ಅತಿ ನಿಧಾನದ ಗಾಡಿ ಎರಡನೇ ಸ್ಥಾನದಲ್ಲಿರಲಿ, ಹಿಂದಿನಲ್ಲಲ್ಲ. ಹಿಂದೆ ಹಾಕಿದರೆ ಮುಂದಿನವರನ್ನು ಹಿಡಿಯಲು ಆ ಗಾಡಿ ಇಡೀ ದಿನ ಪೂರ್ತಿ ಎಕ್ಸಲರೇಟರಿನಲ್ಲಿ ಓಡುತ್ತದೆ, ಅಲ್ಲಿಗೆ ಅದರ ಕಥೆ ಮುಗಿಯಿತು. 250 ಸಿಸಿ ಜಾವಾಕ್ಕೆ 55ರಿಂದ 65 ನೆಮ್ಮದಿಯ ವೇಗ. ಎಲ್ಲರದ್ದೂ ಅದೇ ವೇಗ.

ಒಬ್ಬರು ಎಡಗಾಲಿಯ ಸಾಲು, ಮುಂದಿನವರು ಬಲಗಾಲಿಯ ಸಾಲು, ಹೀಗೆ ಓರೆಯಾಗಿ ಸಾಗಬೇಕು. ನೇರ ಮುಂದಿರುವವರಿಗೂ ನಿಮಗೂ ಕನಿಷ್ಠ ಎರಡು ಸೆಕೆಂಡಿನ ಅಂತರ. ತಿರುವಿನಲ್ಲಿ, ಊರೊಳಗೆ, ಕಿರುಸೇತುವೆಯಲ್ಲಿ ಒಂದೇ ಸಾಲು. ಪ್ರತಿಯೊಬ್ಬರೂ ಕನ್ನಡಿಯಲ್ಲಿ ತಮ್ಮ ಹಿಂದಿನವರನ್ನು ನೋಡುತ್ತಿರಬೇಕು. ಕಾಣದಿದ್ದರೆ ನಿಧಾನ ಮಾಡಿ, ಆಗ ನಿಮ್ಮ ಮುಂದಿನವರೂ ನಿಧಾನ ಮಾಡುತ್ತಾರೆ, ಸುದ್ದಿ ತಾನಾಗಿ ಮುಂದೆ ಮುಟ್ಟುತ್ತದೆ. ಯರಗಟ್ಟಿ, ಲೋಕಾಪುರ, ಗದ್ದನಕೇರಿಯಂಥ ಕೂಡುರಸ್ತೆಯಲ್ಲಿ ಒಬ್ಬರು ನಿಂತು ಕೊನೆಯ ಗಾಡಿ ಬರುವವರೆಗೆ ದಾರಿ ತೋರಿಸಬೇಕು. ಓಡುವ ಗಾಡಿಯ ಮೇಲೆ ಫೋನ್ ಬೇಡ.

ಓಡುತ್ತಿರುವಾಗ ಇಂಜಿನ್ ಬಿಗಿಯಾಗುತ್ತ, ಸದ್ದು ಕುಗ್ಗುತ್ತ ಬಂದರೆ ಕೂಡಲೇ ಕ್ಲಚ್ ಹಿಡಿಯಿರಿ. ಎರಡನೇ ಯೋಚನೆ ಬೇಡ. ಹಿಡಿಯದಿದ್ದರೆ ಹಿಂದಿನ ಚಕ್ರ ಲಾಕ್ ಆಗಿ ಬೀಳುತ್ತೀರಿ. ಅಂಚಿಗೆ ಬಂದು ಅರ್ಧ ತಾಸು ತಣಿಯಲು ಬಿಡಿ, ನೀರು ಸುರಿಯಬೇಡಿ. ಬ್ಯಾರಲ್ ಬಿರಿಯುತ್ತದೆ. ಆಮೇಲೆ ಕಿಕ್ಕರನ್ನು ಕೈಯಿಂದ ಒತ್ತಿ ನೋಡಿ. ಮೆತ್ತಗೆ ತಿರುಗಿದರೆ ಆಯಿಲ್ ಹೆಚ್ಚಿಸಿಕೊಂಡು 40ರ ವೇಗದಲ್ಲಿ ಹೋಗಬಹುದು, ಕರಕರ ಅಂದರೆ ಪಿಕ್‌ಅಪ್ಪಿಗೆ ಹೇರಿ. ಉದ್ದ ಇಳಿಜಾರಿನಲ್ಲಿ ಎಕ್ಸಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಯುವುದೂ ಇಂಥ ಜಾಮಿಗೆ ಕಾರಣ: ಪೆಟ್ರೋಲ್ ನಿಂತರೆ ಅದರ ಜೊತೆಗೆ ಬರಬೇಕಾದ ಆಯಿಲೂ ನಿಲ್ಲುತ್ತದೆ. ನಡುನಡುವೆ ಸ್ವಲ್ಪ ತಿರುವಿ ಕೊಡುತ್ತಿರಿ.

ಯಾರಾದರೂ ಬಿದ್ದರೆ 108 ಅಥವಾ 112, ಹೆದ್ದಾರಿಯಲ್ಲಿ 1033. ಉಸಿರಾಟಕ್ಕೆ ತೊಂದರೆ ಆಗದಿದ್ದರೆ ಹೆಲ್ಮೆಟ್ ತೆಗೆಯಲು ಹೋಗಬೇಡಿ. ಇಬ್ಬರು ಗಾಯಾಳುವಿನ ಜೊತೆ, ಇಬ್ಬರು ಎರಡೂ ಕಡೆ 50 ಹೆಜ್ಜೆ ದೂರದಲ್ಲಿ ವಾಹನ ನಿಧಾನ ಮಾಡಿಸಲು, ಉಳಿದವರು ರಸ್ತೆ ಬಿಟ್ಟು ದೂರ.

ನಿಂತಲ್ಲೆಲ್ಲ ಒಂದು ಲೋಟ ನೀರು ಕುಡಿಯಿರಿ. ಬೆಳಗಿನ ಉಪಾಹಾರಕ್ಕೆ ಅವಲಕ್ಕಿ, ಇಡ್ಲಿ ಸಾಕು, ಮಿರ್ಚಿ ಭಜಿ ಸಂಜೆಗಿರಲಿ. ಕೊಲ್ಹಾರದಲ್ಲಿ ಮಡಕೆಯ ಮೊಸರು ತಿನ್ನದೆ ಮುಂದೆ ಹೋಗುವವರು ಯಾರೂ ಇಲ್ಲ. ಅಲ್ಲೇ ತಿಂದು ಮುಗಿಸಿ, ಮಡಕೆ ಗಾಡಿಯ ನಡುಕ ತಡೆಯುವುದಿಲ್ಲ.

ಮೆರವಣಿಗೆ

ಕರೆದ ಬಳಗದವರು ಪೊಲೀಸ್ ಠಾಣೆಗೆ ದಿನ, ದಾರಿ, ಗಾಡಿಗಳ ಸಂಖ್ಯೆ ಬರೆದು ಅನುಮತಿ ಪಡೆದಿದ್ದಾರೆಯೇ ಎಂದು ಮೊದಲೇ ಕೇಳಿ. ಗೋಲ ಗುಮ್ಮಟ, ಇಬ್ರಾಹಿಂ ರೋಜಾ ಎರಡೂ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಆವರಣದೊಳಗೆ ಗಾಡಿ ಒಯ್ಯುವುದಾಗಲಿ, ಬ್ಯಾನರ್ ಕಟ್ಟುವುದಾಗಲಿ ಆಗದು. ಹೊರಗಿನ ರಸ್ತೆಯಿಂದಲೂ ಗುಮ್ಮಟ ಚೆನ್ನಾಗಿಯೇ ಕಾಣುತ್ತದೆ, ಬೆಳಗಿನ ಬೆಳಕಿನಲ್ಲಿ ಇನ್ನೂ ಚೆನ್ನ.

ಈಗ ಮುಖ್ಯ ಮಾತು. ಮೆರವಣಿಗೆಯಲ್ಲಿ ಗಾಡಿ ಗಂಟೆಗೆ ಹತ್ತು ಕಿ.ಮೀ. ವೇಗದಲ್ಲಿ ನಡೆಯುತ್ತದೆ. ಜಾವಾದ ಇಂಜಿನ್ ತಣಿಯುವುದು ಎದುರು ಗಾಳಿಯಿಂದ, ಆ ಗಾಳಿ ಇಲ್ಲಿಲ್ಲ. ಅದರ ಡೈನಮೊ ಇಷ್ಟು ನಿಧಾನದಲ್ಲಿ ಬ್ಯಾಟರಿಗೆ ಚಾರ್ಜ್ ಕೊಡುವುದಿಲ್ಲ, ಹೆಡ್‌ಲೈಟಿನ ಕೆಂಪು ದೀಪ ಉರಿಯುತ್ತಿರುವುದು ಅದಕ್ಕೇ. ಆದರೆ ಕಿಡಿ ಬರಬೇಕಾದದ್ದು ಅದೇ ಬ್ಯಾಟರಿಯಿಂದ. ಹೀಗಿರುವಾಗ ಶೋಭೆಗೆ ಹೆಡ್‌ಲೈಟ್ ಹಾಕಿ, ಹಾರ್ನ್ ಒತ್ತುತ್ತ ಹೋದರೆ ಮೂರನೇ ಕಿ.ಮೀ.ಗೆ ಬ್ಯಾಟರಿ ಇಳಿದು ಗಾಡಿ ನಿಲ್ಲುತ್ತದೆ. ಹಗಲಿನ ಮೆರವಣಿಗೆಯಲ್ಲಿ ಹೆಡ್‌ಲೈಟ್ ಬಂದ್ ಇರಲಿ. ಹಿಂದಿನ ರಾತ್ರಿ ಬ್ಯಾಟರಿಗೆ ಚಾರ್ಜ್ ಹಾಕಿಡಿ. ಒಂದು ನಿಮಿಷಕ್ಕಿಂತ ಹೆಚ್ಚು ನಿಂತರೆ ಇಂಜಿನ್ ಬಂದ್ ಮಾಡಿ ಚಾವಿಯನ್ನೂ ತಿರುಗಿಸಿ. ಚಾವಿ ಹಾಕಿಯೇ ಬಿಟ್ಟರೆ ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಕಾಯಿಲ್ ಸುಡುತ್ತದೆ.

ಅರ್ಧ ಕ್ಲಚ್ಚಿನಲ್ಲಿ ತೆವಳಬೇಡಿ, ಪ್ಲೇಟುಗಳು ಬಿಸಿಯಾಗಿ ಉಬ್ಬಿ ಆಮೇಲೆ ನ್ಯೂಟ್ರಲ್ಲೇ ಸಿಗುವುದಿಲ್ಲ. ಮುಂದಿನ ಗಾಡಿ 20 ಮೀಟರ್ ಹೋಗಲು ಬಿಟ್ಟು ಕ್ಲಚ್ ಪೂರ್ತಿ ಬಿಟ್ಟು ಸಾಗಿ, ಮತ್ತೆ ನಿಲ್ಲಿ. ಸುಮ್ಮನೆ ನಿಂತು ಎಕ್ಸಲರೇಟರ್ ತಿರುವಿ ಹೊಗೆ ಎಬ್ಬಿಸುವುದನ್ನು ಬಳಗದ ಹಿರಿಯರು ಖಡಾಖಂಡಿತವಾಗಿ ತಡೆಯಬೇಕು. ಇಂಜಿನ್ನಿಗೂ ಕೆಡುಕು, ಆಸ್ಪತ್ರೆ, ಶಾಲೆಯ ಮುಂದೆ ನೋಡುವ ಜನರಿಗೂ ಬೇಸರ. ಮುಂದಿನ ವರ್ಷ ಅನುಮತಿ ಸಿಗದಿರಲು ಅಷ್ಟು ಸಾಕು. ನೀವೇ ಸಂಘಟಕರಾದರೆ ಮೆರವಣಿಗೆಯನ್ನು ಐದು ಕಿ.ಮೀ. ಒಳಗೆ, ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ.

ಪ್ರದರ್ಶನದ ಮೈದಾನ ಎರೆ ನೆಲವಾದರೆ ಸ್ಟ್ಯಾಂಡಿನ ಕೆಳಗೆ ಗೇಣುದ್ದದ ಶಹಾಬಾದ್ ಕಲ್ಲಿನ ಚೂರು ಇಡಿ. ಇಲ್ಲವಾದರೆ ಮಧ್ಯಾಹ್ನದೊಳಗೆ ಒಂದು ಗಾಡಿ ಒರಗಿ ಇಡೀ ಸಾಲನ್ನು ಕೆಡಹುತ್ತದೆ. ಕಾಕ್ ಬಂದ್, ಚಾವಿ ಜೇಬಿನಲ್ಲಿ. ಎರಡೂ ಪಕ್ಕ ಸೈಲೆನ್ಸರ್ ಇರುವ ಗಾಡಿ, ಮಕ್ಕಳು ಯಾವ ಕಡೆಯಿಂದ ಹತ್ತಿದರೂ ಕಾಲು ಸುಟ್ಟುಕೊಳ್ಳುತ್ತಾರೆ, ಮೊದಲ ಅರ್ಧ ತಾಸು ಹತ್ತಿರವೇ ನಿಲ್ಲಿ. ಬಿಡಿಭಾಗದ ಅಂಗಡಿ ಇದ್ದರೆ ಹಳೇ ಭಾಗವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ ಹೋಲಿಸಿ ಕೊಳ್ಳಿ. ಪಿಸ್ಟನ್ ಕೊಳ್ಳುವುದಾದರೆ ಅದರ ತಲೆಯ ಮೇಲೆ ಒತ್ತಿದ ಅಳತೆ ಓದಿ. ಈ ಗಾಡಿಯ ಮೂಲ ಬೋರ್ 65 ಮಿ.ಮೀ. ನಿಮ್ಮ ಬ್ಯಾರಲ್ ಈಗ ಎಷ್ಟಕ್ಕೆ ಬಂದಿದೆ ಎಂದು ತಿಳಿಯದೆ ಕೊಂಡದ್ದು ಕಪಾಟಿನಲ್ಲೇ ಉಳಿಯುತ್ತದೆ.

ಮರಳುವುದು

ಅದೇ ಸಂಜೆ ಹೊರಡಬೇಡಿ. ರಾತ್ರಿ ಉಳಿದು, ಬೆಳಿಗ್ಗೆ ಪಾನಾ ಹಿಡಿದು ಒಂದು ಸುತ್ತು ಬನ್ನಿ: ಇಂಜಿನ್ ಬೋಲ್ಟು, ಸೈಲೆನ್ಸರ್ ನಟ್ಟು, ಹಿಂದಿನ ಆಕ್ಸಲ್, ನಂಬರ್ ಪ್ಲೇಟು. ರಾತ್ರಿ ಕಾಕ್ ಬಂದ್ ಮಾಡಿರದಿದ್ದರೆ ಪೆಟ್ರೋಲ್ ಇಂಜಿನ್ನಿನ ಹೊಟ್ಟೆಗೆ ಇಳಿದಿರುತ್ತದೆ. ಆಗ ಪ್ಲಗ್ ಬಿಚ್ಚಿ ಹತ್ತು ಹನ್ನೆರಡು ಸಲ ಕಿಕ್ ಹೊಡೆದು ಹೊರಹಾಕಿ, ಪ್ಲಗ್ ಒರೆಸಿ ಹಾಕಿದರೆ ಚಾಲೂ ಆಗುತ್ತದೆ.

ಮನೆಗೆ ಬಂದ ಮೇಲೆ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ತೆಗೆದು ದಿನ ಓಡಿಸುವ ಗಾಡಿಗೆ ಹಾಕಬೇಡಿ, ಅದರಲ್ಲಿ ಆಯಿಲ್ ಇದೆ. ಬಳಗದಲ್ಲಿ ಓಡುತ್ತಿರುವ ಇನ್ನೊಂದು ಎರಡು ಸ್ಟ್ರೋಕ್ ಗಾಡಿಗೆ ಕೊಡಿ. ಕಾಕ್ ಬಂದ್ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಇಂಜಿನ್ ಓಡಿಸಿ. ಬ್ಯಾಟರಿ ತಂತಿ ಬಿಚ್ಚಿ. ಮಡ್‌ಗಾರ್ಡಿನ ಒಳಗೆ ಅಂಟಿದ ಎರಿಯನ್ನು ಅದೇ ದಿನ ತೊಳೆಯಿರಿ. ಒಣಗಿ ಕೂತರೆ ಅದರ ಹಿಂದೆಯೇ ತುಕ್ಕು ಶುರುವಾಗುತ್ತದೆ.